ಬಾಣಂತಿ ಕೋಣೆಯಲ್ಲಿ ಒಂದು ಸರ್ವರ್

ಕೂಸನ್ನು ತೊಟ್ಟಿಲಿಗೆ ಹಾಕಿದ ಮರುದಿನ ಕಾಲೇಜಿನಿಂದ ಫೋನು ಬಂತು. ನಾನಾಗ ಕಳ್ಳಕವಟಗಿಯ ತವರುಮನೆಯಲ್ಲಿ ಬಾಣಂತಿ. ವಿಜಯಪುರದ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ ನಾನು. ಅತಿಥಿ ಅಂದರೆ ಅತಿಥಿಯೇ, ಪ್ರತಿ ಸೆಮಿಸ್ಟರಿಗೂ ಅವರು ಹೊಸದಾಗಿ ಕರೆಯಬೇಕು. ಫೋನು ಮಾಡಿದವರು ನಮ್ಮ ವಿಭಾಗದ ಮುಖ್ಯಸ್ಥರು. ಗಂಡೋ ಹೆಣ್ಣೋ ಎಂದು ಕೇಳಿದರು, ಹೆಣ್ಣು ಅಂದದ್ದಕ್ಕೆ "ಲಕ್ಷ್ಮಿ ಬಂದಾಳ ಬಿಡ್ರಿ" ಅಂದರು, ಅದೇ ಉಸಿರಿನಲ್ಲಿ ಕೆಲಸದ ಮಾತಿಗೆ ಬಂದರು.

"ಮ್ಯಾಡಂ, ಈ ಸಲ ಹೊಸಾ ಪೇಪರ್ ಬಂದೈತ್ರಿ. ಸರ್ವರ್ ಹೆಂಗ ಹಾಕೋದು, ಹೆಂಗ ನಡಸೋದು ಅಂತ. ಹುಡುಗರಿಗೆ ಲ್ಯಾಬಿನ್ಯಾಗ ಮಾಡಿ ತೋರಸಬೇಕು. ನೀವು ತಗೋತೀರೋ, ಬ್ಯಾರೇದವ್ರಿಗೆ ಕೊಡ್ಲ್ಯೋ?"

"ನಾನ ತಗೋತೇನ್ರಿ ಸರ್."

"ಹಂಗಾದ್ರ ಒಂದು ಡೆಮೋ ಕ್ಲಾಸ್ ಕೊಡಬೇಕಾಗತೈತಿ. ನೀವೇನು ಬರೂದು ಬ್ಯಾಡ, ಅಲ್ಲಿಂದನ ಆನ್‌ಲೈನ್ ಕೊಡ್ರಿ. ಪ್ರಿನ್ಸಿಪಾಲರೂ ಕೂಡ್ತಾರ. ಮುಂದಿನ ತಿಂಗಳ ಹೇಳ್ತೇನಿ."

ಸರ್ವರ್ ಅಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸುವ ಕಂಪ್ಯೂಟರು, ನಾನು ಅದುವರೆಗೆ ಅದನ್ನು ಮುಟ್ಟಿದವಳಲ್ಲ. ಹುಡುಗರಿಗೆ ಸಿ ಪ್ರೋಗ್ರಾಮಿಂಗ್ ಹೇಳುತ್ತಿದ್ದೆ, ಪರೀಕ್ಷೆ ಬಂದಾಗ ಆಫೀಸಿನವರ ಜೊತೆ ಕೂತು ಅಂಕಗಳನ್ನು ಟೈಪು ಮಾಡಿಕೊಡುತ್ತಿದ್ದೆ. ಆದರೂ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಆ ಕೋಣೆಯಲ್ಲಿ ಬಿದ್ದುಕೊಂಡವಳಿಗೆ ಹೊರಗಿನವರು ಏನು ಕೇಳಿದರೂ ಹ್ಞೂಂ ಅನ್ನಬೇಕು ಅನ್ನಿಸುತ್ತಿತ್ತು.

ಅದು ಅಡುಗೆಮನೆಯ ಹಿಂದಿನ ಕೋಣೆ. ಮೊದಲು ಜೋಳದ ಚೀಲ ಇಡುತ್ತಿದ್ದರು. ಇದ್ದ ಒಂದೇ ಕಿಟಕಿಗೆ ಗಾಳಿ ಬರದ ಹಾಗೆ ಹಳೆಯ ಕೌದಿಯೊಂದನ್ನು ಮಡಚಿ ತುರುಕಿದ್ದರು. ಹೊರಗೆ ನಮ್ಮ ಕಡೆಯ ಏಪ್ರಿಲ್ ಬಿಸಿಲು, ಒಳಗೆ ಹೊರಸಿನ ಕೆಳಗೆ ಕೆಂಡದ ಶೇಗಡಿ. ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಕಿವಿಯಲ್ಲಿ ಹತ್ತಿ, ಕಾಲಿಗೆ ಉಣ್ಣೆಯ ಚೀಲ. ಬೆವರು ಹೊರಸಿನ ಹಗ್ಗದಿಂದ ಕೆಂಡದ ಮೇಲೆ ಬಿದ್ದು ಚುಂಯ್ ಅನ್ನುವುದು ಕೇಳಿಸುತ್ತಿತ್ತು. ಊಟಕ್ಕೆ ಬಿಸಿ ರೊಟ್ಟಿ, ತುಪ್ಪ, ಸುಟ್ಟ ಬಳ್ಳೊಳ್ಳಿ, ಅಳವಿ ಬೀಜದ ಪಾಯಸ. ಕುಡಿಯಲು ಎರಡು ಗುಟುಕು ಬಿಸಿನೀರು. ಮೂರನೆಯ ಗುಟುಕು ಕೇಳಿದರೆ ಹೊಟ್ಟೆ ಬರುತ್ತದೆ ಎಂಬ ಉತ್ತರ.

ಆ ಕೋಣೆಯಲ್ಲಿ ನಡೆಯುತ್ತಿದ್ದುದು ದೊಡ್ಡವ್ವನ ಮಾತು. ನಮ್ಮ ಅವ್ವನ ಅಕ್ಕ. ನನ್ನ ಬಾಣಂತನಕ್ಕೆಂದೇ ಬಬಲೇಶ್ವರದಿಂದ ಗಂಟು ಕಟ್ಟಿಕೊಂಡು ಬಂದಿದ್ದಳು. ಊರೊಳಗಿನ ಎಷ್ಟೋ ಹೆಣ್ಣುಮಕ್ಕಳಿಗೆ ನೀರು ಹಾಕಿ, ಕೂಸು ತಿಕ್ಕಿ, ಎಬ್ಬಿಸಿ ಕಳಿಸಿದವಳು. ಅವಳು ಹಾಕುವ ನೀರು ಬೆನ್ನಿನ ಚರ್ಮ ಕೆಂಪಾಗುವಷ್ಟು ಸುಡುತ್ತಿತ್ತು. ನಾನು ಕೂಗಿದರೆ "ಕೂಗು, ಗಾಳಿ ಹೊರಗ ಹೋಗ್ಲಿ" ಅನ್ನುತ್ತಿದ್ದಳು. ಅವ್ವ ಅಕ್ಕನೆದುರು ಬಾಯಿ ತೆರೆಯುತ್ತಿರಲಿಲ್ಲ. ಅಪ್ಪನಂತೂ ಆ ಕೋಣೆಯ ಹೊಸ್ತಿಲ ಹತ್ತಿರವೂ ಸುಳಿಯುತ್ತಿರಲಿಲ್ಲ.

ನನ್ನ ಗಂಡ ವಿಜಯಪುರದ ಜೋರಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಾರೆ. ಆ ರವಿವಾರ ಕೂಸನ್ನು ನೋಡಲು ಬಂದಾಗ, ನಾನು ಹೇಳಿದ್ದಕ್ಕೆ ಲ್ಯಾಪ್‌ಟಾಪು ತಂದುಕೊಟ್ಟರು. ಜೊತೆಗೆ ಒಂದು ಪೆನ್‌ಡ್ರೈವ್. ಕಾಲೇಜಿನ ಲ್ಯಾಬಿನವರು ಅದರಲ್ಲಿ ಬೇಕಾದ ಫೈಲುಗಳನ್ನೆಲ್ಲ ಇಳಿಸಿ ಕೊಟ್ಟಿದ್ದರು.

ನಾನು ಕಲಿಯಬೇಕಾದದ್ದು ಇಷ್ಟು. ಲ್ಯಾಪ್‌ಟಾಪಿನ ಒಳಗೇ ತಂತ್ರಾಂಶದಿಂದ ಇನ್ನೊಂದು ಕಂಪ್ಯೂಟರು ಕಟ್ಟಬೇಕು. ಅದಕ್ಕೆ ವರ್ಚುವಲ್ ಮಷಿನ್ ಅನ್ನುತ್ತಾರೆ. ಮುಟ್ಟಿ ನೋಡುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ನಮ್ಮ ಡಿಸ್ಕಿನಲ್ಲಿ, ಮೆಮೊರಿಯಲ್ಲಿ ಒಂದು ಪಾಲು ಕೊಟ್ಟರೆ ಅದು ತಾನೇ ಪೂರಾ ಕಂಪ್ಯೂಟರು ಎಂದುಕೊಂಡು ನಡೆಯುತ್ತದೆ. ಅದರ ಮೇಲೆ ಸರ್ವರಿಗೆಂದೇ ತಯಾರಾದ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಬೇಕು. ಅದು ಒಬ್ಬರದೇ ಸ್ವತ್ತಲ್ಲ, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು, ಬಿಚ್ಚಿ ನೋಡಿ, ತಿದ್ದಿಕೊಳ್ಳಬಹುದು. ಹುಡುಗರಿಗೆ ಕಲಿಸಲು ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಒಳಗೆ ಏನು ಕೆಡಿಸಿಕೊಂಡರೂ ಹೊರಗಿನ ಲ್ಯಾಪ್‌ಟಾಪಿಗೆ ಏನೂ ಆಗುವುದಿಲ್ಲ.

ಮಧ್ಯಾಹ್ನ ದೊಡ್ಡವ್ವ ಪಡಸಾಲೆಯಲ್ಲಿ ಅಡ್ಡಾದಾಗ ಶುರು ಮಾಡಿದೆ. ಮೊದಲ ದಿನ ಮಷಿನ್ ಏಳಲೇ ಇಲ್ಲ. ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗಿನಲ್ಲೇ ಒಳಗೆ ಇನ್ನೊಂದು ಮಷಿನ್ ನಡೆಸುವ ಸೌಲಭ್ಯ ಬಂದ್ ಆಗಿತ್ತು. ಲ್ಯಾಪ್‌ಟಾಪನ್ನು ಆರಿಸಿ, ಮತ್ತೆ ಹಚ್ಚುವಾಗ ಗುಂಡಿ ಒತ್ತಿ ಹಿಡಿದು, ಸೆಟ್ಟಿಂಗಿನ ನೀಲಿ ಪರದೆಗೆ ಹೋಗಿ ಅದನ್ನು ಚಾಲೂ ಮಾಡುವಷ್ಟರಲ್ಲಿ ಕೂಸು ಎದ್ದಿತು. ಮರುದಿನ ಮಷಿನ್ ಹೊಸದಾಗಿ ಕಟ್ಟಿದೆ, ಡಿಸ್ಕಿಗೆ ಇಪ್ಪತ್ತೈದು ಜಿಬಿ ಕೊಟ್ಟೆ. ಲಿನಕ್ಸಿನ ಫೈಲು ಜೋಡಿಸಿ ಸ್ಟಾರ್ಟ್ ಒತ್ತಬೇಕು ಅನ್ನುವಾಗ ಬಾಗಿಲು ತೆರೆಯಿತು. ಕೂಸಿಗೆ ಲೋಬಾನದ ಹೊಗೆ ಹಾಕಲು ದೊಡ್ಡವ್ವ ಬಂದಿದ್ದಳು. ಕತ್ತಲ ಕೋಣೆಯಲ್ಲಿ ನನ್ನ ಮುಖದ ಮೇಲೆ ಮಾತ್ರ ಬಿಳಿ ಬೆಳಕು ಬಿದ್ದಿತ್ತು.

"ಏನ ಮಾಡಾಕತ್ತೀಯಲೇ?"

"ಕಾಲೇಜಿಂದು ಕೆಲಸ ಐತಿ ದೊಡ್ಡವ್ವ. ಸ್ವಲ್ಪ ಐತಿ."

"ಬಾಣಂತಿಗೆ ಎಂಥಾ ಕೆಲಸ? ಕಣ್ಣ ನೋಡು, ಹೆಂಗ ಕೆಂಪಗಾಗ್ಯಾವು. ಅದರ ಬಿಸಿಗೆ ಎದೀ ಹಾಲು ಬತ್ತತಾವು. ಕೊಡಿಲ್ಲಿ."

ಕಸಿದುಕೊಳ್ಳಲಿಲ್ಲ, ಕೈ ಚಾಚಿ ನಿಂತಳು. ನಾನೇ ಮುಚ್ಚಿ ಕೊಟ್ಟೆ. ಮೂಲೆಯಲ್ಲಿದ್ದ ಅವ್ವನ ಮದುವೆಯ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಫೋನು ಮಾತ್ರ ಬಿಟ್ಟಳು, ಅದೂ ಗಂಡನ ಜೊತೆ ಮಾತಾಡಲು.

ಆಮೇಲಿನ ದಿನಗಳು ಒಂದಕ್ಕೊಂದು ಅಂಟಿಕೊಂಡು ಹೋದವು. ನೀರು, ಊಟ, ಹಾಲು, ನಿದ್ದೆ, ಮತ್ತೆ ಹಾಲು. ಟ್ರಂಕು ನನ್ನ ಹೊರಸಿಗೆ ಎದುರೇ ಇತ್ತು. ಎರಡು ಹೆಜ್ಜೆ. ಏಳಲು ಹೋದರೆ ತಲೆ ತಿರುಗುತ್ತಿತ್ತು, ತಿರುಗದಿದ್ದರೂ ಬೀಗ ತೆಗೆಯುವ ಹಾಗಿರಲಿಲ್ಲ. ಕೂಸಿನ ಮೇಲೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು, ಬಂದ ಕೂಡಲೇ ಹೆದರಿಕೆಯಾಗಿ ಅದನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದೆ. ಫೋನಿನಲ್ಲಿ ಗಂಡನಿಗೆ ಹೇಳಿದರೆ, "ಹಿರ್ಯಾರು ಹೇಳೂದು ನಿನ್ನ ಒಳ್ಳೇದಕ್ಕ. ಈ ಸಲ ಬಿಡು, ಮುಂದಿನ ಸೆಮಿಸ್ಟರ್ ನೋಡಿದ್ರಾತು" ಅಂದರು. ಅವರ ಮಾತಿನ ಹಿಂದೆ ಪೇಟೆಯ ಗದ್ದಲ ಕೇಳುತ್ತಿತ್ತು, ಗಿರಾಕಿ ಯಾರೋ ಬಣ್ಣ ಕೇಳುತ್ತಿದ್ದರು. ನಾನು ಮಾತು ನಿಲ್ಲಿಸಿ ಆ ಗದ್ದಲವನ್ನೇ ಕೇಳುತ್ತ ಮಲಗಿದೆ.

ವಿಭಾಗದ ಮುಖ್ಯಸ್ಥರು ಮತ್ತೊಮ್ಮೆ ಫೋನು ಮಾಡಿ ಡೆಮೋ ಇಂಥ ದಿನ ಎಂದು ಹೇಳಿದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಗೋಡೆಯ ಕಡೆ ತಿರುಗಿ ಅತ್ತೆ. ದೊಡ್ಡವ್ವ ಕೂಸಿನ ಬಟ್ಟೆ ಮಡಚುತ್ತ ಅಲ್ಲೇ ಕೂತಿದ್ದಳು.

"ಅಳಬ್ಯಾಡ. ಬಾಣಂತಿ ಅಳಬಾರದು."

"ಅಳೂದೂ ಬ್ಯಾಡೇನ ದೊಡ್ಡವ್ವ? ನೋಡೂದು ಬ್ಯಾಡ, ಏಳೂದು ಬ್ಯಾಡ, ನೀರ ಕುಡಿಯೂದು ಬ್ಯಾಡ. ಮತ್ತ ಏನ ಮಾಡ್ಲಿ?"

ನಾನು ಅವಳಿಗೆ ಎದುರು ಮಾತಾಡಿದ್ದು ಅದೇ ಮೊದಲು. ಬೈಯುತ್ತಾಳೆ ಅಂದುಕೊಂಡೆ. ಅವಳು ಮಡಚುತ್ತಿದ್ದ ಬಟ್ಟೆಯನ್ನು ಬದಿಗಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

"ನನ್ನ ಹಿರೀಮಗ ಹುಟ್ಟಿದಾಗ ನಮ್ಮತ್ತಿ ಕೌದಿ ಹೊಲ್ಯಾಕ ಕುಂಡ್ರಿಸಿದ್ಲು. ಹೊರಗಿನ ಕೆಲಸಂತೂ ಆಗಂಗಿಲ್ಲ, ಕುಂತಲ್ಲೇ ಮಾಡು ಅಂದ್ಲು. ಇಂಥಾದ ಕತ್ತಲ ಖೋಲಿ. ಸೂಜಿಗೆ ದಾರ ಪೋಣಸಾಕ ಚಿಮಣಿ ಬುಡ್ಡಿ ಮಾರಿ ಹತ್ರ ಹಿಡಕೊಂತಿದ್ದೆ. ಎದ್ದ ಮ್ಯಾಲೆ ನೋಡ್ತೇನಿ, ಕಣ್ಣು ಮಂಜ ಮಂಜ. ಆವತ್ತಿಂದ ಹಂಗ ಅದಾವು. ಬಾಣಂತಿ ಕಣ್ಣು ಎಳೇ ಕಣ್ಣು, ಬ್ಯಾಡ ಬೇ ಅನ್ನಾಕ ನನಗ ಯಾರೂ ಇರಲಿಲ್ಲ. ನಿನಗ ನಾ ಅದೇನಿ. ಬ್ಯಾಡ ಅಂತೇನಿ."

(ಎಷ್ಟೋ ದಿನಗಳ ಮೇಲೆ ಅವಳನ್ನು ವಿಜಯಪುರದ ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಇದು ಪೊರೆ, ವಯಸ್ಸಾದ ಮೇಲೆ ಎಲ್ಲರಿಗೂ ಬರುತ್ತದೆ, ಕೌದಿಗೂ ಇದಕ್ಕೂ ಸಂಬಂಧ ಇಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ದೊಡ್ಡವ್ವ ತಲೆಯಾಡಿಸಿದಳು. ಆಟೋದಲ್ಲಿ ಕೂತ ಮೇಲೆ, "ಆ ಡಾಕ್ಟರ್ ಯಾವಾಗ ಬಾಣಂತ್ಯಾಗಿದ್ನಂತ?" ಅಂದಳು.)

ಅವತ್ತು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡವಳು ವೈನಿ, ನನ್ನ ಅಣ್ಣನ ಹೆಂಡತಿ. ಅಣ್ಣನ ಹೆಂಡತಿಯಾದ್ದರಿಂದ ನಾನು ಅವಳನ್ನು ವೈನಿ ಅನ್ನುತ್ತೇನೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದ್ದರಿಂದ ಅವಳು ನನ್ನನ್ನು ಅಕ್ಕಾ ಅನ್ನುತ್ತಾಳೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ದೊಡ್ಡವರು. ಅವಳ ತವರು ತಿಕೋಟಾ. ಅಲ್ಲೇ ಪಿಯುಸಿ ಮುಗಿಸಿದ್ದಳು, ಫಲಿತಾಂಶ ಬರುವ ಮುಂಚೆ ಮದುವೆಯಾಗಿತ್ತು. ನಮ್ಮ ಮನೆಗೆ ಬಂದ ಮೇಲೆ ಅವಳು ಏನನ್ನಾದರೂ ಓದುವುದನ್ನು ನಾನು ಕಂಡದ್ದು ಕಿರಾಣಿ ಪೊಟ್ಟಣದ ಕಾಗದದಲ್ಲಿ ಮಾತ್ರ.

"ದೊಡ್ಡವ್ವಾರ, ಒಂದ ಮಾತ ಹೇಳ್ಲ್ರಿ?" ಅಂದಳು. "ಅಕ್ಕಾ ನೋಡೂದು ಬ್ಯಾಡ. ಮಾರಿ ಗ್ವಾಡಿ ಕಡೆ ಮಾಡಿ ಮಲಗಲಿ. ನಾ ನೋಡಿ ಓದಿ ಹೇಳ್ತೇನಿ. ಅಕ್ಕಾ ಹೇಳಿದ್ದು ಒತ್ತತೇನಿ. ಕಣ್ಣು ನನ್ನವು, ನನಗೇನು ಬಾಣಂತನ ಇಲ್ಲಲ್ರಿ."

ದೊಡ್ಡವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು.

"ಇಂಗ್ಲೀಷ್ ಓದಾಕ ಬರತೈತೇನ ನಿನಗ?"

"ಅಕ್ಷರ ಬರತಾವ್ರಿ. ಅರ್ಥ ಅಕ್ಕಾ ಹೇಳ್ತಾಳ."

ಸೆರಗಿನ ಗಂಟು ಬಿಚ್ಚಲು ದೊಡ್ಡವ್ವನಿಗೆ ತುಸು ಹೊತ್ತು ಹಿಡಿಯಿತು. ಕೀಲಿಕೈ ಕೊಡುವಾಗ, "ಆಕಿ ಒಂದ ಸಲ ಈ ಕಡೆ ಹೊಳ್ಳಿದ್ರೂ ಮುಗೀತು ನೋಡ್ರಿ. ನಾ ಇಲ್ಲೇ ಕುಂಡ್ರತೇನಿ" ಅಂದಳು. ಮಾತಿನಂತೆ ನಮ್ಮಿಬ್ಬರ ನಡುವೆ ಕಾಲು ಚಾಚಿ ಕೂತಳು.

ಹೀಗೆ ನಾನು ಸರ್ವರ್ ಹಾಕಿದ್ದು ಕಣ್ಣಿಗೆ ಬಟ್ಟೆ ಹಾಕಿಕೊಂಡು, ಗೋಡೆಗೆ ಮುಖ ಮಾಡಿ. ಕಣ್ಣ ಮೇಲಿನ ಬಟ್ಟೆ ದೊಡ್ಡವ್ವ ಕೂಡಿಸಿದ ಶರತ್ತು.

ಬೇರೆಯವರ ಬಾಯಿಂದ ಪರದೆಯನ್ನು ನೋಡುವುದು ಎಂಥ ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ವೈನಿ ಮೊದಮೊದಲು ಒಂದೊಂದೇ ಅಕ್ಷರ ಬಿಡಿಸಿ ಓದುತ್ತಿದ್ದಳು. ಅವನ್ನು ತಲೆಯೊಳಗೆ ಕೂಡಿಸಿ ಪದ ಮಾಡಿಕೊಳ್ಳುವಷ್ಟರಲ್ಲಿ ಅವಳು ಮುಂದಿನ ಸಾಲಿಗೆ ಹೋಗಿರುತ್ತಿದ್ದಳು. "ನಿಲ್ರಿ ವೈನಿ, ಎಂಟರ್ ಒತ್ತಬ್ಯಾಡ್ರಿ" ಅನ್ನುವ ಹೊತ್ತಿಗೆ ಒತ್ತಿರುತ್ತಿದ್ದಳು. ನನ್ನ ಕೈ ಕೌದಿಯ ಕೆಳಗೆ ತಾನಾಗಿಯೇ ಆಡುತ್ತಿತ್ತು, ಇಲ್ಲದ ಗುಂಡಿಗಳನ್ನು ಒತ್ತುತ್ತಿತ್ತು. ಒಮ್ಮೆ ಅವಳು ಗಾಬರಿಯಾಗಿ ಕೂಗಿದಳು.

"ಅಕ್ಕಾ, ಬಾಣದ ಗುರುತು ಕಾಣವಲ್ದರಿ! ಒಳಗ ಹೋಗಿ ಸಿಕ್ಕೊಂಡೈತಿ. ಎಷ್ಟ ಎಳದ್ರೂ ಹೊರಗ ಬರವಲ್ದು."

ಮೌಸಿನ ಬಾಣ. ಮಷಿನ್ನಿನ ಕಿಟಕಿಯೊಳಗೆ ಒಮ್ಮೆ ಒತ್ತಿದರೆ ಅದು ಒಳಗಿನ ಕಂಪ್ಯೂಟರಿನ ಪಾಲಾಗುತ್ತದೆ. "ಬಲಗಡೆ ಕಂಟ್ರೋಲ್ ಅಂತ ಗುಂಡಿ ಐತಿ, ಅದನ್ನ ಒಮ್ಮಿ ಒತ್ರಿ" ಅಂದೆ. "ಬಂತ್ರಿ ಬಂತು" ಅಂದಳು. ಕಳೆದುಹೋದ ಕೋಳಿಮರಿ ಸಿಕ್ಕವಳ ದನಿ ಅದು.

ಭಾಷೆ, ಕೀಲಿಮಣೆ, ನೆಟ್‌ವರ್ಕ್ ಎಲ್ಲ ದಾಟಿ ಡಿಸ್ಕಿನ ಹತ್ತಿರ ಬಂದೆವು. ವೈನಿ ಓದುತ್ತಿದ್ದವಳು ತಟ್ಟನೆ ನಿಂತಳು.

"ಅಕ್ಕಾ, ಕೆಂಪ ಅಕ್ಷರದಾಗ ಏನೋ ಬಂದೈತಿ. ಡಿ, ಇ, ಎಸ್, ಟಿ... ಡಿಸ್ಟ್ರಕ್ಟಿವ್. ನಮ್ಮ ಇಂಗ್ಲೀಷ್ ಸರ್ ಹೇಳಿದ್ರು, ಡಿಸ್ಟ್ರಾಯ್ ಅಂದ್ರ ನಾಶ."

"ಹೌದ್ರಿ. ಡಿಸ್ಕಿನ್ಯಾಗ ಇದ್ದದ್ದೆಲ್ಲಾ ಅಳಿಸಿ ಹೊಸದು ಹಾಕತೈತಿ. ಮುಂದುವರಿ ಅಂತ ಕೊಡ್ರಿ."

"ಎಲ್ಲಾನೂ? ಕೂಸಿನ ಫೋಟೋ ಎಲ್ಲಾ ಇದರಾಗ ಅದಾವಲ್ರಿ! ನಿಮ್ಮ ಮನ್ಯಾರು ದವಾಖಾನ್ಯಾಗ ತಗದಿದ್ದು?"

ದೊಡ್ಡವ್ವ ನೆಟ್ಟಗೆ ಕೂತಳು. "ಏನ ನಾಶ? ಯಾಂದು ನಾಶ? ಒತ್ತಬ್ಯಾಡ."

ಅಳಿಸುವುದು ಒಳಗಿನ ಸುಳ್ಳು ಡಿಸ್ಕನ್ನು, ಹೊರಗಿನದನ್ನಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಆ ಧೈರ್ಯ ಪರದೆ ಕಣ್ಣೆದುರು ಇದ್ದರೆ ಮಾತ್ರ. ಬಟ್ಟೆಯ ಕತ್ತಲಲ್ಲಿ ಮಲಗಿದವಳಿಗೆ ಎಲ್ಲದರ ಮೇಲೂ ಅನುಮಾನ. ಮಷಿನ್ ಕಟ್ಟಿದ ದಿನ ನಾನೇ ಏನಾದರೂ ತಪ್ಪು ಜೋಡಿಸಿದ್ದರೆ? ವೈನಿ ಓದದೆ ಬಿಟ್ಟ ಸಾಲಿನಲ್ಲಿ ಬೇರೇನಾದರೂ ಇದ್ದರೆ? ಬಟ್ಟೆ ಕಿತ್ತೊಗೆದು ತಿರುಗಬೇಕು ಅನ್ನಿಸಿತು. ತಿರುಗಿದರೆ ಲ್ಯಾಪ್‌ಟಾಪು ಮತ್ತೆ ಟ್ರಂಕಿಗೆ.

"ವೈನಿ, ಅಲ್ಲೇ ಮ್ಯಾಲ ಡಿಸ್ಕಿನ ಅಳತಿ ಬರದಿರತೈತಿ. ಎಷ್ಟೈತಿ ನೋಡ್ರಿ."

"ಇಪ್ಪತ್ತೈದು ಅಂತೈತಿ. ಮುಂದ ಜಿ."

"ಇಪ್ಪತ್ತೈದನ? ಐನೂರ ಪೈನೂರ ಏನಿಲ್ಲಲ್ಲ?"

"ಇಲ್ಲರಿ, ಇಪ್ಪತ್ತೈದ."

ನಾನು ಕೊಟ್ಟದ್ದು ಅದೇ. "ಹಂಗಾದ್ರ ಒತ್ರಿ. ಫೋಟೋಕ್ಕ ಏನೂ ಆಗಂಗಿಲ್ಲ."

ವೈನಿ ಒತ್ತಲಿಲ್ಲ. ದೊಡ್ಡವ್ವನ ಕಡೆ ನೋಡುತ್ತಿದ್ದಳೆಂದು ಕಾಣುತ್ತದೆ. ಕೊನೆಗೆ ದೊಡ್ಡವ್ವನೇ, "ಒತ್ತು. ಆಕಿ ಕೂಸಿನ ಫೋಟೋ ಆಕಿಗಿಂತ ನಿನಗೇನ ಹೆಚ್ಚಲ್ಲ" ಅಂದಳು. ಗುಂಡಿಯ ಸದ್ದು ಕೇಳಿತು.

ಆಮೇಲೆ ಅದು ಹೆಸರು ಕೇಳಿತು. ಯಾರ ಹೆಸರು ಹಾಕಲಿ ಎಂದು ವೈನಿ ಕೇಳಿದಾಗ, ಏನಾದರೂ ಹಾಕಿರಿ, ಗುಪ್ತಪದ ಮಾತ್ರ ನೆನಪಿಡಿ ಅಂದೆ. ಕೂಸು ಮೊಲೆ ಹುಡುಕುತ್ತಿತ್ತು, ನನ್ನ ಲಕ್ಷ್ಯ ಅಲ್ಲಿತ್ತು. ಅವಳು ಏನು ಹಾಕಿದಳೆಂದು ಆಗ ಕೇಳಲಿಲ್ಲ.

ಹಾಕುವುದು ಮುಗಿದು ಮಷಿನ್ ಆರಿ ಮತ್ತೆ ಹತ್ತಿದಾಗ ವೈನಿ ಓದಿದ್ದು ಮೊದಲ ದಿನದ್ದೇ ಸಾಲು. ಯಾವ ಭಾಷೆ ಬೇಕು? ನಾವು ಎಲ್ಲೋ ತಪ್ಪಿದ್ದೇವೆ ಎಂದುಕೊಂಡು ಮರುದಿನ ಎಲ್ಲವನ್ನೂ ಮತ್ತೆ ಮಾಡಿದೆವು. ಮತ್ತೆ ಅದೇ ಪ್ರಶ್ನೆ. ನಡುವೆ ಕರೆಂಟು ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದು, ಒಂದು ಮಧ್ಯಾಹ್ನ ಪೂರಾ ಹಾಳು. ಮತ್ತೆ ಭಾಷೆ, ಮತ್ತೆ ಕೀಲಿಮಣೆ, ಮತ್ತೆ ನಾಶ. "ಮತ್ತ ಮೊದಲಿಂದ ಏನ?" ಎಂದು ದೊಡ್ಡವ್ವನೂ ಕೇಳತೊಡಗಿದಳು. ಡೆಮೋ ಹತ್ತಿರ ಬರುತ್ತಿತ್ತು. ನನಗೆ ಆ ಪ್ರಶ್ನೆ ಕನಸಿನಲ್ಲೂ ಬರುತ್ತಿತ್ತು, ಕನಸಿನಲ್ಲಿ ಕನ್ನಡ ಅಂದರೆ ತಗೊಳ್ಳುತ್ತಿರಲಿಲ್ಲ.

ಕೊನೆಗೊಂದು ದಿನ, "ವೈನಿ, ಆರುವಾಗ ಪರದೆ ಮ್ಯಾಲ ಏನೇನ ಬರತೈತಿ, ಒಂದ ಸಾಲನೂ ಬಿಡಬ್ಯಾಡ್ರಿ" ಅಂದೆ. ಅವಳು ಉಸಿರು ಬಿಗಿಹಿಡಿದು ಓದಿದಳು. ಕಟ್ಟಕಡೆಗೆ, ಬರಿಯ ಎಂಟರ್ ಒತ್ತಲು ಹೇಳುತ್ತದೆ ಅಂದುಕೊಂಡು ಅವಳು ಇಷ್ಟು ದಿನ ಓದದೆ ಬಿಟ್ಟಿದ್ದ ಸಾಲು ಸಿಕ್ಕಿತು. ಇನ್‌ಸ್ಟಾಲ್ ಮಾಡಲು ಬಳಸಿದ ಮಾಧ್ಯಮವನ್ನು ತೆಗೆದು ಎಂಟರ್ ಒತ್ತಿ. ನಾವು ತೆಗೆದೇ ಇರಲಿಲ್ಲ. ನಾನು ಜೋಡಿಸಿದ್ದ ಲಿನಕ್ಸಿನ ಫೈಲು ಒಳಗೇ ಇದ್ದದ್ದರಿಂದ, ಮಷಿನ್ ಪ್ರತಿ ಸಲ ಎದ್ದಾಗ ಹಾಕಿದ ಸರ್ವರಿಗೆ ಹೋಗದೆ ಮತ್ತೆ ಹಾಕುವುದಕ್ಕೇ ಶುರುಮಾಡುತ್ತಿತ್ತು. ನನಗೆ ನಗು ಬಂತೋ ಅಳು ಬಂತೋ ತಿಳಿಯದು. ಎಲ್ಲಿ ಹೋಗಿ ಅದನ್ನು ತೆಗೆಯಬೇಕೆಂದು ಹೇಳಿದೆ. ವೈನಿ ತೆಗೆದಳು, ಎಂಟರ್ ಒತ್ತಿದಳು.

"ಕರ್ರಗ ಆತು. ಬಿಳೀ ಅಕ್ಷರ ಓಡಾಕತ್ತಾವು... ಭಾಳ ಜೋರ ಓಡಾಕತ್ತಾವ್ರಿ... ನಿಂತ್ವು. ಲಾಗಿನ್ ಅಂತ ಕೇಳಾಕತ್ತೈತಿ."

"ನೀವು ಹಾಕಿದ ಹೆಸರು ಹೊಡೀರಿ. ಆಮ್ಯಾಲ ಗುಪ್ತಪದ."

"ಹೊಡಿಯಾಕತ್ತೇನಿ, ಒಂದಕ್ಷರನೂ ಬೀಳವಲ್ದು. ಕೆಟ್ಟೈತೇನ್ರಿ?"

"ಕೆಟ್ಟಿಲ್ಲ. ಗುಪ್ತಪದ ಕಾಣಸಂಗಿಲ್ಲ ಅದು. ಹೊಡ್ದು ಎಂಟರ್ ಒತ್ರಿ."

"ಕಾಣಲಾರದಂಗ ಬರದ್ರ ಅದು ಹೆಂಗ ಓದತೈತಿ?" ಅಂದಳು ದೊಡ್ಡವ್ವ.

ಅದು ಓದಿಕೊಂಡಿತು. ಸ್ವಾಗತ ಎಂದು ಬಂದಿದೆ ಎಂದು ವೈನಿ ಹೇಳಿದಳು. ಆಮೇಲೆ ಏನೂ ಇಲ್ಲ, ಕಪ್ಪು ಪರದೆ, ಒಂದು ಗೆರೆ ಮಿಣುಕುತ್ತಿದೆ. "ಇಷ್ಟ ಏನ್ರಿ?" ಅಂದಳು. ಇಷ್ಟೇ. ಇನ್ನು ಮುಂದೆ ನಾವು ಹೇಳಿದಂತೆ ಅದು ಕೇಳುತ್ತದೆ.

ನಾನು ಕೇಳದೇ ದೊಡ್ಡವ್ವ ನನ್ನ ಕಣ್ಣಿನ ಬಟ್ಟೆ ಸರಿಸಿದಳು. "ಒಂದ ಸಲ ನೋಡು. ನೋಡಿ ಮುಚ್ಚು." ಹೊರಳಿ ನೋಡಿದೆ. ವೈನಿಯ ಮುಖ ಬೆವರಿನಿಂದ ಹೊಳೆಯುತ್ತಿತ್ತು. ಪರದೆಯಲ್ಲಿ ಇದ್ದದ್ದು ಅವಳ ಹೆಸರು.

ಡೆಮೋ ದಿನ ಇನ್ನೊಂದು ಗೊಂದಲ. ಆ ಕೋಣೆಯಲ್ಲಿ ಮಾತಾಡುವಷ್ಟು ಸಿಗ್ನಲ್ ಬರುತ್ತಿತ್ತು, ಪರದೆ ತೋರಿಸುವಷ್ಟು ಬರುತ್ತಿರಲಿಲ್ಲ. ಫೋನನ್ನು ಕಿಟಕಿಯಲ್ಲಿಟ್ಟು ಅದರಿಂದ ಲ್ಯಾಪ್‌ಟಾಪಿಗೆ ನೆಟ್ ತೆಗೆದುಕೊಂಡರೆ ನಡೆಯುತ್ತದೆ. ಕಿಟಕಿಯಲ್ಲಿಡಬೇಕಾದರೆ ಕೌದಿ ತೆಗೆಯಬೇಕು. ತೆಗೆದರೆ ಗಾಳಿ. ವೈನಿ, ಅವ್ವ, ನಾನು ಮೂವರೂ ದೊಡ್ಡವ್ವನ ಬಾಯಿ ನೋಡಿದೆವು. ಅವಳು ಕೌದಿ ಎಳೆದು ತೆಗೆದಳು. ಫೋನಿಟ್ಟು, ತಾನೇ ಕಿಟಕಿಗೆ ಬೆನ್ನು ಕೊಟ್ಟು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಳು. ತರಗತಿ ಮುಗಿಯುವ ತನಕ ಹಾಗೇ ನಿಂತಿದ್ದಳು. ಅವಳ ಭುಜದ ಮೇಲಿಂದ ಬಂದ ಬಿಸಿಲಿನ ಪಟ್ಟಿಯೊಂದು ನನ್ನ ಹೊರಸಿನ ಕಾಲ ಮೇಲೆ ಬಿದ್ದಿತ್ತು. ನಾನು ಬಿಸಿಲು ಕಂಡು ತಿಂಗಳಾಗಿತ್ತು.

ನಾನು ಗೋಡೆಗೆ ಮುಖ ಮಾಡಿಯೇ ಪಾಠ ಹೇಳಿದೆ. ಎಷ್ಟು ಸಲ ಕೇಳಿ ಬಾಯಿಪಾಠವಾಗಿತ್ತೆಂದರೆ, ಯಾವ ಮಾತಿಗೆ ಯಾವ ಪರದೆ ಬರುತ್ತದೆ ಎಂದು ನನಗೆ ನೋಡದೆಯೂ ತಿಳಿಯುತ್ತಿತ್ತು. ವೈನಿ ಈಗ ಅಕ್ಷರ ಬಿಡಿಸುತ್ತಿರಲಿಲ್ಲ, ನಾನು ಹೇಳುವ ಮುಂಚೆಯೇ ಕೈ ಹೋಗುತ್ತಿತ್ತು. ನಡುವೆ ಕೂಸು ಅತ್ತಿತು. ಹಾಲು ಕೊಡುತ್ತಲೇ ಮಾತಾಡಿದೆ. ಲ್ಯಾಬಿನ ಹುಡುಗರು ನಕ್ಕದ್ದು ಕೇಳಿಸಿತು, ಯಾರೋ ಸುಮ್ಮನಿರಿಸಿದರು.

ಕೊನೆಗೆ ಪ್ರಿನ್ಸಿಪಾಲರು ಮಾತಾಡಿದರು. "ಭೇಷ್ ಆತ್ರಿ ಮ್ಯಾಡಂ. ಬಾಣಂತ್ಯಾದ್ರೂ ಕೈ ಭಾಳ ಚುರುಕ ಅದಾವು. ಅದ್ರಾಗ ಯೂಸರ್ ಅಂತ ಯಾರದೋ ಹೆಸರೈತೆಲ್ಲ, ಯಾರದು?"

"ಆ ಕೈ ನನ್ನವಲ್ರಿ ಸರ್. ನಮ್ಮ ವೈನಿದು. ಹೆಸರೂ ಅವರದ."

ವೈನಿ ತಲೆ ಮೇಲೆ ಸೆರಗು ಹೊದ್ದುಕೊಂಡಳಂತೆ, ಅವರಿಗೆ ಅವಳು ಕಾಣುತ್ತಿರಲಿಲ್ಲವಾದರೂ.

ಮರುದಿನ ವಿಭಾಗದ ಮುಖ್ಯಸ್ಥರು ಫೋನು ಮಾಡಿದಾಗ ನಾನು ಕೆಲಸ ಸಿಕ್ಕಿತೆಂದೇ ಎತ್ತಿದೆ. ಎಲ್ಲರಿಗೂ ಹಿಡಿಸಿದೆ ಅಂದರು. ಆದರೆ ಸೆಮಿಸ್ಟರ್ ಬೇಗ ಶುರುವಾಗುತ್ತಿದೆ, ಲ್ಯಾಬಿಗೆ ಖುದ್ದು ಬರಬೇಕು, ಮುಂದಿನ ವಾರದಿಂದ ಆಗುತ್ತದೆಯೇ ಎಂದು ಕೇಳಿದರು.

ದೊಡ್ಡವ್ವ ಎದುರೇ ಕೂತಿದ್ದಳು. ನಾನು ಕೇಳಲೂ ಇಲ್ಲ. ಹೆರಿಗೆಯ ಹೊಲಿಗೆ ಇನ್ನೂ ಎಳೆಯುತ್ತಿತ್ತು, ಬಚ್ಚಲಿಗೆ ಹೋಗಿ ಬಂದರೆ ಗೋಡೆ ಹಿಡಿಯಬೇಕಿತ್ತು. ಅವಳು ಬೇಡವೆನ್ನುವ ಮುಂಚೆಯೇ ನನ್ನ ಮೈ ಬೇಡವೆಂದಿತ್ತು. "ಆಗಂಗಿಲ್ರಿ ಸರ್" ಅಂದೆ.

"ಇರ್ಲಿ ಬಿಡ್ರಿ. ಬ್ಯಾರೇ ಒಬ್ಬರಿಗೆ ಹೇಳೇವಿ. ನಿಮ್ಮ ಡೆಮೋ ರೆಕಾರ್ಡ್ ಮಾಡಿಟ್ಟೇವಿ, ಅದನ್ನ ಹುಡುಗರಿಗೆ ತೋರಸ್ತೇವಿ. ನಿಮಗೇನ ಅಡ್ಡಿ ಇಲ್ಲಲ್ಲ?"

ಅಡ್ಡಿ ಇಲ್ಲ ಅಂದೆ. ಫೋನಿಟ್ಟ ಮೇಲೆ ಶೇಗಡಿಯ ಕಾವು ಬೆನ್ನಿಗೆ ಹತ್ತುತ್ತಿದ್ದದ್ದಷ್ಟೇ ಗೊತ್ತಾಗುತ್ತಿತ್ತು. ವೈನಿಗೆ ಹೇಳಿದಾಗ, "ಹಂಗಾರ ನಾವಿಬ್ರೂ ಕಾಲೇಜಿನ್ಯಾಗ ಅದೇವಿ ಅನ್ರಿ" ಎಂದು ನಕ್ಕಳು. ನನಗೆ ನಗಲಾಗಲಿಲ್ಲ. ನನ್ನ ದನಿ ಲ್ಯಾಬಿನಲ್ಲಿ ಪಾಠ ಹೇಳುತ್ತಿರುವಾಗ ನಾನು ಇಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿರಬೇಕಿತ್ತು.

ವೈನಿ ಮಾತ್ರ ಬಿಡಲಿಲ್ಲ. ಉಳಿದ ಬಾಣಂತನದ ಮಧ್ಯಾಹ್ನಗಳಲ್ಲಿ ಕೆಲಸ ಮುಗಿಸಿ ಬಂದು ಕೂರುತ್ತಿದ್ದಳು. ಕಡತ ಮಾಡುವುದು, ಅಳಿಸುವುದು, ಬೇರೆ ಕಂಪ್ಯೂಟರಿನಿಂದ ಸರ್ವರಿಗೆ ಹೋಗುವುದು, ಒಂದೊಂದೇ ಕೇಳಿ ಮಾಡಿದಳು. ದೊಡ್ಡವ್ವ ಬೇಡವೆನ್ನಲಿಲ್ಲ. ಒಂದು ಸಂಜೆ ವೈನಿ ಅಣ್ಣನನ್ನು ಕೇಳಿದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು. ತಿಕೋಟಾದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರಿನಲ್ಲಿ ಒಬ್ಬರು ಬೇಕಂತೆ, ಹೋಗಲೇ ಎಂದು. ಅಣ್ಣ ಒಳ್ಳೆಯವನು, ಸಿಡುಕುವವನಲ್ಲ. ದ್ರಾಕ್ಷಿ ಬಳ್ಳಿ ಕತ್ತರಿಸಿ ಸವರುವ ಚಾಟ್ನಿ ನಡೆದಿತ್ತು, ಆಳುಗಳಿಗೆ ರೊಟ್ಟಿ ಬಡಿಯುವವರು ಬೇಕು. "ಚಾಟ್ನಿ ಮುಗೀಲಿ, ನೋಡೂಣು" ಅಂದ. ಚಾಟ್ನಿ ಮುಗಿದ ಮೇಲೆ ಔಷಧ ಹೊಡೆಯುವುದು ಬಂತು, ಅದು ಮುಗಿದ ಮೇಲೆ ಕಾಯಿ, ಆಮೇಲೆ ಒಣದ್ರಾಕ್ಷಿಯ ಶೆಡ್ಡು. ನೋಡೂಣು ಎಂಬುದು ಹಾಗೇ ಇದೆ.

ಮಳೆಗಾಲ ಶುರುವಾದ ಮೇಲೆ ನನ್ನನ್ನು ವಿಜಯಪುರಕ್ಕೆ ಕಳಿಸಿದರು. ವೈನಿ ತಿಕೋಟಾವರೆಗೆ ನಮ್ಮ ಜೊತೆ ಜೀಪಿನಲ್ಲಿ ಬಂದಳು, ತವರಿಗೆ ಹೋಗಿ ಸಂಜೆ ವಾಪಸಾಗುವವಳು. ಇಳಿಯುವಾಗ ಕೂಸಿನ ಕೆನ್ನೆ ಮುಟ್ಟಿ, "ಹೋಗ್ಬರ್ರಿ ಅಕ್ಕಾ" ಅಂದಳು. ಜೀಪು ಹೊರಟ ಮೇಲೆ ಹಿಂದೆ ತಿರುಗಿ ನೋಡಿದೆ. ಅವಳು ತವರಿನ ಓಣಿಯ ಕಡೆ ಹೋಗದೆ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗಳ ಬೋರ್ಡುಗಳನ್ನು ಓದುತ್ತ ನಿಂತಿದ್ದಳು.

ಜೋರಾಪುರ ಪೇಟೆಯ ನಮ್ಮ ಮನೆ ಅಂಗಡಿಯ ಮೇಲಿದೆ. ಕಡಿದಾದ ಮೆಟ್ಟಿಲು. ಅತ್ತೆ ಬಾಗಿಲಲ್ಲೇ ಕೂಸಿನ ದೃಷ್ಟಿ ತೆಗೆದರು, ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಇನ್ನೊಂದ ಎರಡ ತಿಂಗಳ ಈ ಪಾವಟಿಗಿ ಇಳಿಯೂದು ಬ್ಯಾಡ ನೋಡವಾ, ಕೂಸಿಗೆ ಥಂಡಿ ಆಗತೈತಿ" ಅಂದರು. ಕೋಣೆಗೆ ಎರಡು ಕಿಟಕಿಗಳಿದ್ದವು. ಒಂದು ಪಕ್ಕದ ಮನೆಯ ಗೋಡೆಗೆ, ಒಂದು ರಸ್ತೆಗೆ. ರಸ್ತೆಯ ಕಿಟಕಿಯಲ್ಲಿ ನಿಂತರೆ ಕೆಳಗೆ ಹೋಗಿಬರುವವರ ತಲೆಗಳು ಕಾಣುತ್ತಿದ್ದವು.

ಬಂದ ವಾರದಲ್ಲೇ ಒಬ್ಬ ಹುಡುಗಿ ಫೋನು ಮಾಡಿದಳು. ನಮ್ಮ ಕಾಲೇಜಿನವಳು, ನನ್ನ ಪಾಠ ರೆಕಾರ್ಡಿಂಗಿನಲ್ಲಿ ನೋಡಿದ್ದಳಂತೆ.

"ಮ್ಯಾಡಂ, ನನ್ನ ಸರ್ವರಿಗೆ ನೆಟ್ ಬರವಲ್ದರಿ. ನಿಮ್ಮ ವಿಡಿಯೋದಾಗ ಅದು ಇಲ್ಲ. ಏನ ಮಾಡ್ಲಿ?"

ನನಗೂ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆ, ಸಂಜೆ ಮತ್ತೆ ಫೋನು ಮಾಡು ಅಂದೆ. ಕೂಸು ತೊಡೆಯ ಮೇಲೆ ಮಲಗಿತ್ತು. ಒಂದೇ ಕೈಯಲ್ಲಿ ಲ್ಯಾಪ್‌ಟಾಪು ಎಳೆದುಕೊಂಡು ತೆರೆದೆ. ಅಡುಗೆಮನೆಯಿಂದ ಅತ್ತೆ ಊಟಕ್ಕೆ ಕೂಗುತ್ತಿದ್ದರು.